ಖಾಲಿ ಬಿಟ್ಟ ಐದನೆಯ ಸಾಲು

ಮಗನ ಜಾಮೀನಿನ ಮೇಲಿರುವ ತನ್ನ ಹೆಸರನ್ನು ತೆಗೆಸಿಬಿಡಬೇಕು ಎಂದು ಅರ್ಲೀನ್ ಗ್ಯಾಸ್ಕಿನ್ಸ್ ತೀರ್ಮಾನಿಸಿದ್ದು ಕೋಳಿ ಕಾರ್ಖಾನೆಯಲ್ಲಿ, ಮೂಳೆ ಬಿಡಿಸುವ ಸಾಲಿನಲ್ಲಿ ನಿಂತಿದ್ದಾಗ. ಒಂದರ ಹಿಂದೊಂದು ಕೋಳಿ ಬರುತ್ತದೆ. ಭುಜದ ಕೀಲಿಗೆ ಚಾಕು ಇಡಬೇಕು, ಒಂದು ಸುತ್ತು ತಿರುವಬೇಕು, ಎಳೆಯಬೇಕು. ಹತ್ತೊಂಬತ್ತು ವರ್ಷ ಪಳಗಿದ ಕೈಗೆ ತಲೆಯ ಅಪ್ಪಣೆ ಬೇಕಾಗುವುದಿಲ್ಲ. ಹಾಗಾಗಿ ತಲೆ ತನ್ನ ಪಾಡಿಗೆ ತಾನು ಹೋಗಿ, ಕೂರಬಾರದ ಕಡೆಯೆಲ್ಲ ಕೂತುಬಿಡುತ್ತದೆ. ಅಂದು ಮಂಗಳವಾರ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗ ಕ್ವಿನ್ಸಿಯ ಕೇಸು. ಅವನು ಮನೆಗೆ ಬಾರದೆ ಐದು ದಿನವಾಗಿತ್ತು.

ಗುರುವಾರ ಅವನು ಕೋರ್ಟಿನಲ್ಲಿ ನಿಲ್ಲದಿದ್ದರೆ ಏನಾಗುತ್ತದೆಂಬುದು ಅವಳಿಗೆ ಬಾಯಿಪಾಠವಾಗಿತ್ತು. ಹೆಸರು ಕೂಗುತ್ತಾರೆ. ಉತ್ತರ ಬರುವುದಿಲ್ಲ. ನ್ಯಾಯಾಧೀಶರು ವಾರಂಟಿಗೆ ಸಹಿ ಮಾಡುತ್ತಾರೆ. ಹದಿನೈದು ಸಾವಿರ ಡಾಲರಿನ ಜಾಮೀನು ಮುಟ್ಟುಗೋಲಾಗುತ್ತದೆ. ಅದರ ಹಿಂದೆ ನಿಂತವಳು ಅವಳು, ಅಡವಿಟ್ಟದ್ದು ಅವಳ ಹಳೆಯ ಬೆಳ್ಳಿ ಬಣ್ಣದ ಕಾರು. ಅದೊಂದು ಹೋದರೆ ಇಪ್ಪತ್ತೆರಡು ಮೈಲಿ ದೂರದ ಈ ಸಾಲಿಗೆ ಬೆಳಗಿನ ಐದಕ್ಕೆ ಬಂದು ನಿಲ್ಲುವುದು ಹೇಗೆ? ಅಲಬಾಮಾದ ಈ ಮೂಲೆಯಲ್ಲಿ ಬಸ್ಸು ಇರುವುದು ಶಾಲೆಯ ಮಕ್ಕಳಿಗೆ ಮಾತ್ರ.

"ಏನೇ, ಆ ಕೋಳಿ ನಿಂಗೇನು ಅನ್ಯಾಯ ಮಾಡಿತ್ತು? ಸತ್ತಿರೋದನ್ನೇ ಮತ್ತೆ ಸಾಯಿಸ್ತಿದೀಯಲ್ಲ," ಎಂದಳು ಪಕ್ಕದಲ್ಲಿ ನಿಂತಿದ್ದ ಜುವಾನೆಲ್.

ಅರ್ಲೀನ್ ನೋಡಿದರೆ ಎದೆಯ ಮಾಂಸದ ಜತೆಗೆ ಅರ್ಧ ಮೂಳೆಯೂ ಕಿತ್ತು ಬಂದಿತ್ತು. "ಯಾರ ಮೇಲಿನ ಸಿಟ್ಟೋ," ಎಂದಳು.

"ಯಾರೋ ಯಾಕೆ, ನಿನ್ನ ಮಗನ ಮೇಲಿಂದು. ಹನ್ನೊಂದು ವಾರದಿಂದ ಅವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ತಿರುಗ್ತಿದೀಯ. ಇಪ್ಪತ್ತೇಳು ವರ್ಷದ ಕೂಸು. ಇಳಿಸು ಇನ್ನು."

ಅದನ್ನೇ ಮಾಡಬೇಕೆಂದು ಅರ್ಲೀನ್ ಆಗಷ್ಟೇ ತೀರ್ಮಾನಿಸಿದ್ದಳು. ಬೇರೆಯವರ ಬಾಯಲ್ಲಿ ಕೇಳಿದಾಗ ಮಾತ್ರ ಅದು ಒಗ್ಗಲಿಲ್ಲ.

ಎರಡು ಗಂಟೆಗೆ ಪಾಳಿ ಮುಗಿಯಿತು. ಬೂಟನ್ನೂ ಬದಲಿಸದೆ ನೇರ ಕೋರ್ಟು, ಜೈಲು ಇರುವ ಕೌಂಟಿಯ ಮುಖ್ಯ ಊರಿಗೆ ಹೊರಟಳು. ರೆನೀಟಾ ಸ್ಟೋಕ್ಲಿಯ ಜಾಮೀನು ಕಚೇರಿ ಜೈಲಿನ ಎದುರಿಗೇ ಇದೆ. ಮೊದಲು ಅದು ರೆನೀಟಾಳ ತಾಯಿ ನಡೆಸುತ್ತಿದ್ದ ಕೂದಲು ಸಿಂಗಾರದ ಅಂಗಡಿ. ಕೂದಲು ಒಣಗಿಸುವ ಮೂರು ಕುರ್ಚಿಗಳು, ತಲೆಯ ಮೇಲೆ ಕವುಚಿಕೊಳ್ಳುವ ಬುಟ್ಟಿಯಂಥ ಯಂತ್ರಗಳ ಸಮೇತ, ಇನ್ನೂ ಗೋಡೆಗೆ ಒರಗಿಕೊಂಡೇ ಇವೆ. ಮಗನನ್ನೋ ಗಂಡನನ್ನೋ ಬಿಡಿಸಲು ಬಂದವರು ಅವುಗಳಲ್ಲೇ ಕೂತು ಕಾಯುತ್ತಾರೆ. ಹನ್ನೊಂದು ವಾರದ ಹಿಂದೆ ಅರ್ಲೀನ್ ಕೂತದ್ದು ನಡುವಿನ ಕುರ್ಚಿಯಲ್ಲಿ.

ಆವತ್ತು ಅವಳಿಗೆ ಏನೂ ಗೊತ್ತಿರಲಿಲ್ಲ. ಕ್ವಿನ್ಸಿ ಇಬ್ಬರು ಗೆಳೆಯರ ಜತೆ ಸೇರಿ, ಯಾರೂ ಇಲ್ಲದ ಮನೆಯೊಂದಕ್ಕೆ ನುಗ್ಗಿ ತಾಮ್ರದ ಕೊಳವೆ ಕಿತ್ತಿದ್ದ ಎಂಬುದಷ್ಟೇ ಗೊತ್ತಿತ್ತು. ಮೇಜಿನ ಆಚೆ ಕೂತ ರೆನೀಟಾ ಕಾಗದದ ಲೋಟದಿಂದ ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತಾ, ಯಾರ ತಪ್ಪು ಎಷ್ಟು ಎಂಬ ಗೋಜಿಗೇ ಹೋಗದೆ ಮಾತು ಶುರುಮಾಡಿದ್ದಳು.

"ಜಡ್ಜು ಹದಿನೈದು ಸಾವಿರ ಇಟ್ಟಿದಾರೆ. ಅಷ್ಟನ್ನೂ ನೀವೇ ಕೋರ್ಟಿಗೆ ಕಟ್ಟಿದ್ರೆ ಕೇಸ್ ಮುಗಿದ ಮೇಲೆ ವಾಪಸ್ ಬರತ್ತೆ. ಇದೆಯಾ?"

"ಇದ್ದಿದ್ರೆ ಈ ಬೂಟಲ್ಲಿ ಬರ್ತಿದ್ನಾ?"

"ಸರಿ. ಹಾಗಾದ್ರೆ ಅದರಲ್ಲಿ ಹತ್ತನೇ ಒಂದು ಪಾಲು ನನಗೆ ಕೊಡಿ. ಸಾವಿರದೈನೂರು. ಅವನು ಪ್ರತಿ ವಾಯಿದೆಗೂ ಬರ್ತಾನೆ ಅಂತ ಕೋರ್ಟಿಗೆ ನಾನು ಮಾತು ಕೊಡ್ತೀನಿ. ನನ್ನ ಮಾತಿನ ಹಿಂದೆ ನೀವು ನಿಲ್ಲಬೇಕು. ಅವನು ತಪ್ಪಿಸ್ಕೊಂಡ್ರೆ ಕೋರ್ಟು ನನ್ನ ಕತ್ತು ಹಿಡಿಯತ್ತೆ, ನಾನು ನಿಮ್ಮ ಕತ್ತು ಹಿಡೀತೀನಿ."

"ತಪ್ಪದೆ ಬಂದ್ರೆ ಆ ಸಾವಿರದೈನೂರು...?"

"ನಂದು."

"ತಪ್ಪು ಮಾಡಿಲ್ಲ ಅಂತ ಕೋರ್ಟೇ ಬಿಟ್ರೂ?"

"ಬಿಟ್ರೂ ನಂದೇ. ಮಿಸ್ ಅರ್ಲೀನ್, ಕೂದಲು ಮತ್ತೆ ಬೆಳೀತು, ಕತ್ತರಿಸಿದ ದುಡ್ಡು ವಾಪಸ್ ಕೊಡಿ ಅಂತ ನಮ್ಮಮ್ಮನ ಹತ್ರ ಯಾರೂ ಬಂದಿರಲಿಲ್ಲ."

ಆಮೇಲೆ ರೆನೀಟಾ ಒಂದು ಕಾಗದ ಮುಂದಿಟ್ಟಳು. ಅವನು ಎಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಾನೆ, ಯಾರ ಹುಟ್ಟುಹಬ್ಬಕ್ಕೆ ತಪ್ಪದೆ ಹೋಗುತ್ತಾನೆ, ಹಸಿವಾದರೆ ಯಾರಿಗೆ ಫೋನ್ ಮಾಡುತ್ತಾನೆ ಎಂಬೆಲ್ಲ ಪ್ರಶ್ನೆಗಳು. ಕೊನೆಯಲ್ಲಿ, ಓಡಿಹೋದರೆ ಎಲ್ಲಿ ಸಿಗುತ್ತಾನೆ ಎಂದು ಬರೆದು ಕೆಳಗೆ ಐದು ಖಾಲಿ ಸಾಲು.

"ನನ್ನ ಮಗ ಓಡಿಹೋಗಲ್ಲ."

"ಯಾವ ತಾಯಿ ಮಗನೂ ಓಡಿಹೋಗಲ್ಲ. ಆದ್ರೂ ಬರೀರಿ."

ಅರ್ಲೀನ್ ತನ್ನ ಮನೆಯ ವಿಳಾಸ ಬರೆದಳು. ಬರ್ಮಿಂಗ್‌ಹ್ಯಾಮಿನಲ್ಲಿರುವ ತನ್ನ ಅಕ್ಕನದು ಬರೆದಳು. ಮಗನ ಹಳೆಯ ಗೆಳತಿಯ ಮನೆ, ಅವನು ಛಾವಣಿ ಹೊದಿಸುವ ಕೆಲಸಕ್ಕೆ ಹೋಗುವ ಮೇಸ್ತ್ರಿಯ ಮನೆ. ಐದನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಬರೆಯಬೇಕಾದ್ದು ಏನೆಂದು ಅವಳಿಗೆ ಗೊತ್ತಿತ್ತು. ನದಿಯ ಹಿನ್ನೀರಿನಲ್ಲಿ ಮೀನು ಹಿಡಿಯಲೆಂದು ಕಟ್ಟಿ ಡೂಲಿ ಚಿಕ್ಕಪ್ಪ ಬಿಟ್ಟುಹೋದ ಬಿಡಾರ. ಗಂಡ ವಿಲಿಸ್ ಬದುಕಿದ್ದಾಗ ಆರು ವರ್ಷದ ಕ್ವಿನ್ಸಿಯನ್ನು ಭುಜದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದದ್ದು ಅಲ್ಲಿಗೇ. ಅಪ್ಪನ ಮಣ್ಣಾದ ದಿನ ಹುಡುಗ ಎಲ್ಲೂ ಸಿಗದೆ ಕೊನೆಗೆ ಸಿಕ್ಕಿದ್ದೂ ಅಲ್ಲೇ. ಅದನ್ನು ಯಾರದೋ ಡ್ರಾಯರಿನೊಳಗೆ ಬರೆದಿಡಲು ಕೈ ಬರಲಿಲ್ಲ. "ಬೇರೆಲ್ಲೂ ಇಲ್ಲ," ಎಂದು ಕಾಗದ ದೂಡಿದಳು. ರೆನೀಟಾ ಆ ಖಾಲಿ ಜಾಗವನ್ನು ಒಮ್ಮೆ ನೋಡಿ, ಕಾಗದ ಮಡಚಿ ಇಟ್ಟಿದ್ದಳು.

ಪ್ರತಿ ಸೋಮವಾರ ಮಧ್ಯಾಹ್ನದೊಳಗೆ ಕ್ವಿನ್ಸಿ ತನ್ನ ದನಿಯಲ್ಲೇ ಕಚೇರಿಗೆ ಫೋನ್ ಮಾಡಬೇಕೆಂಬುದು ರೆನೀಟಾಳ ಕಟ್ಟಳೆ. ಆರೇಳು ವಾರ ಅವನೇ ಮಾಡಿದ. ಆಮೇಲೆ ಒಂದು ಸೋಮವಾರ ಅವನು ಏಳಲಿಲ್ಲ, ಕಾರ್ಖಾನೆಯ ಬಿಡುವಿನಲ್ಲಿ ಅರ್ಲೀನೇ ಮಾಡಿದಳು. ಅವನು ಛಾವಣಿಯ ಮೇಲಿದಾನೆ, ಅಲ್ಲಿ ಫೋನ್ ಹಿಡಿಯಲ್ಲ ಎಂದಳು. ಮುಂದಿನ ವಾರ ಹಲ್ಲುನೋವು. ಅದರ ಮುಂದಿನ ವಾರ ಮೇಸ್ತ್ರಿಯ ಜತೆ ಜಾರ್ಜಿಯಾ ಗಡಿಯ ತನಕ ಹೋಗಿದಾನೆ. ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಭಾನುವಾರದ ರಾತ್ರಿಗಳು, ನಾಳೆಯ ಸುಳ್ಳನ್ನು ಹೊಸೆಯುತ್ತಾ ಮಲಗುವುದು. ನಿನ್ನೆಯ ಸೋಮವಾರಕ್ಕೆ ಮಾತ್ರ ಒಂದೂ ಉಳಿದಿರಲಿಲ್ಲ. ಅವಳು ಫೋನ್ ಮಾಡಲಿಲ್ಲ.

"ಬನ್ನಿ ಮಿಸ್ ಅರ್ಲೀನ್. ನಿನ್ನೆ ಮಧ್ಯಾಹ್ನದಿಂದ ಕಾಯ್ತಿದೀನಿ," ಎಂದಳು ರೆನೀಟಾ. ಕಡಲೆಕಾಯಿಯ ಲೋಟವನ್ನು ಅವಳತ್ತ ಸರಿಸಿದಳು.

ಅರ್ಲೀನ್ ಕೂರಲಿಲ್ಲ. "ನನ್ನ ಹೆಸರು ತೆಗೀಬೇಕು."

"ತೆಗೀಬಹುದು. ಕೂತ್ಕೊಳ್ಳಿ, ತೆಗೆದ್ರೆ ಏನಾಗತ್ತೆ ಅಂತ ಹೇಳ್ತೀನಿ. ಆಮೇಲೆ ಹೇಳಲಿಲ್ಲ ಅನ್ನಬೇಡಿ." ಡ್ರಾಯರಿನಿಂದ ಒಂದು ಹಾಳೆ ತೆಗೆದಳು. "ಇದಕ್ಕೆ ಸಹಿ ಹಾಕಿದ್ರೆ ಕೋರ್ಟಿಗೆ ಕೊಟ್ಟ ಮಾತು ನಾನು ವಾಪಸ್ ತಗೋತೀನಿ. ನನ್ನ ಕಡೆಯವರಿಬ್ಬರು ಹೋಗಿ ಅವನನ್ನ ಹಿಡಿದು ಎದುರುಗಡೆ ಜೈಲಿಗೆ ಒಪ್ಪಿಸ್ತಾರೆ. ನಿಮ್ಮ ಕಾರಿನ ಕಾಗದ ನಿಮಗೆ. ಕೊಟ್ಟಿದ್ದ ದುಡ್ಡು ಹೋಯ್ತು. ಕೇಸ್ ಮುಗಿಯೋ ತನಕ ಅವನು ಒಳಗೆ. ಅದು ಕ್ರಿಸ್ಮಸ್ ದಾಟಿದ್ರೂ ದಾಟಬಹುದು."

ಕಿಟಕಿಯಾಚೆ ಜೈಲಿನ ಗೋಡೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅರ್ಲೀನ್ ನಿಧಾನಕ್ಕೆ ಕೂತಳು.

"ಇಂಥದ್ದಕ್ಕೆ ಎಷ್ಟು ಜನ ತಾಯಂದಿರು ಸಹಿ ಹಾಕ್ತಾರೆ?"

"ವರ್ಷಕ್ಕೆ ಹತ್ತು ಹನ್ನೆರಡು ಜನ. ಅವರಲ್ಲಿ ಕಲ್ಲುಮನಸ್ಸಿನೋರು ಯಾರನ್ನೂ ನಾನು ನೋಡಿಲ್ಲ. ಒಬ್ಬರಂತೂ ಸಹಿ ಹಾಕಿ ಹೋಗಿ ಕಾರಲ್ಲಿ ಕೂತ್ರು. ಮೂರು ಗಂಟೆ ಆದ್ರೂ ಹೋಗಲಿಲ್ಲ. ಏನೋ ಆಗೋಯ್ತು ಅಂತ ಹೆದರಿ ನಾನು ಹೋಗಿ ಗಾಜು ತಟ್ಟಿದೆ. ನಿದ್ದೆ ಮಾಡ್ತಿದ್ರು. ಮೂರು ತಿಂಗಳಾದ ಮೇಲೆ ನಿದ್ದೆ ಬಂತು ಕಣಮ್ಮ, ಯಾಕೆ ಎಬ್ಬಿಸ್ದೆ ಅಂತ ನನ್ನ ಮೇಲೇ ರೇಗಿದ್ರು."

ಅರ್ಲೀನಳಿಗೆ ನಗು ಬಂತು. ಅದರ ಹಿಂದೆಯೇ ಕಣ್ಣಿಗೆ ನೀರೂ ಬಂತು. ಕಾರ್ಖಾನೆಯ ಕ್ಲೋರಿನ್ ವಾಸನೆಯ ಕೈಯಲ್ಲಿ ಒರೆಸಿಕೊಂಡು ಕಣ್ಣು ಉರಿಸಿಕೊಂಡಳು.

"ನಾನು ನಿಮಗೆ ಸುಳ್ಳು ಹೇಳಿದೆ," ಎಂದಳು. "ಛಾವಣಿ, ಹಲ್ಲುನೋವು..."

"ಗೊತ್ತು. ಜಾರ್ಜಿಯಾ ಚೆನ್ನಾಗಿತ್ತು." ರೆನೀಟಾ ಸಿಪ್ಪೆಯನ್ನು ಬೇರೆ ಲೋಟಕ್ಕೆ ಹಾಕಿದಳು. "ನೀವು ಸುಳ್ಳು ಹೇಳ್ತಿರೋ ತನಕ ನನಗೆ ಭಯ ಇರಲಿಲ್ಲ. ಸುಳ್ಳು ಹೇಳೋ ತಾಯಿಗೆ ಮಗ ಎಲ್ಲಿದಾನೆ ಅಂತ ಗೊತ್ತಿರತ್ತೆ. ಫೋನ್ ನಿಂತೋದ್ರೆ ಮಾತ್ರ ನಾನು ಎದ್ದು ಬೂಟ್ ಹುಡುಕ್ತೀನಿ." ಹನ್ನೊಂದು ವಾರದ ಹಿಂದಿನ ಆ ಕಾಗದವನ್ನು ಬಿಡಿಸಿ ಅರ್ಲೀನಳ ಮುಂದಿಟ್ಟು, ಉಗುರಿನಿಂದ ಐದನೆಯ ಸಾಲನ್ನು ಮುಟ್ಟಿದಳು. "ನನ್ನ ಹತ್ರ ಬರೋ ತಾಯಂದಿರು ಐದರಲ್ಲಿ ನಾಲ್ಕೇ ತುಂಬಿಸೋದು. ಅವನು ಅಲ್ಲೇ ಇದಾನೆ, ಅಲ್ವಾ?"

ಅರ್ಲೀನ್ ಕಾಗದವನ್ನು ವಾಪಸು ದೂಡಿದಳು. "ನೀವಾಗಿದ್ರೆ ಏನ್ಮಾಡ್ತಿದ್ರಿ?"

"ನನ್ನ ಸ್ವಂತ ತಮ್ಮನಿಗೆ ನಾನು ಜಾಮೀನು ಬರೆಯಲಿಲ್ಲ. ಇವತ್ತಿಗೂ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನನ್ನ ಪಕ್ಕ ಕೂರಲ್ಲ. ಮೇಜಿನ ಆ ತುದೀಲಿ ಕೂತು ನಾನು ಮಾಡಿದ್ದನ್ನೇ ಎರಡೆರಡು ಸಲ ಬಡಿಸ್ಕೋತಾನೆ." ಸಹಿ ಹಾಕಬೇಕಿದ್ದ ಹಾಳೆಯನ್ನು ಮಡಚಿ ಅರ್ಲೀನಳ ಕೈಗಿಟ್ಟಳು. "ತಗೊಂಡು ಹೋಗಿ. ನಾಳೆ ಸಂಜೆ ಐದರ ತನಕ ನಾನು ಅಲುಗಾಡಲ್ಲ. ಐದಾದ ಮೇಲೆ ನಿಮ್ಮ ಸಹಿ ಇದ್ರೂ ಇಲ್ಲದಿದ್ರೂ ಹುಡುಕಕ್ಕೆ ಹೊರಡ್ತೀನಿ. ನನಗೂ ಮನೆ ಬಾಡಿಗೆ ಇದೆ."

ಹಿನ್ನೀರಿನ ದಾರಿ ಡಾಂಬರಿನಿಂದ ಜಲ್ಲಿಗೆ, ಜಲ್ಲಿಯಿಂದ ಕೆಂಪು ಮಣ್ಣಿಗೆ ಇಳಿಯುತ್ತದೆ. ಕಾರು ಪ್ರತಿ ಗುಂಡಿಗೂ ನರಳುತ್ತಿತ್ತು. ಬಿಡಾರದ ಮುಂದೆ, ಎರಡು ಪೀಪಾಯಿಗಳ ಮೇಲಿಟ್ಟ ಹಲಗೆಯ ಬಳಿ ಕ್ವಿನ್ಸಿ ನಿಂತಿದ್ದ. ಮೀಸೆ ಮೀನಿನ ಚರ್ಮವನ್ನು ಇಕ್ಕಳದಿಂದ ಎಳೆಯುತ್ತಿದ್ದ. ಕಾರಿನ ಸದ್ದಿಗೆ ತಲೆ ಎತ್ತಿದ, ಓಡಲಿಲ್ಲ. ಐದು ದಿನದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು.

"ಯಾರು ಹೇಳಿದ್ರು ನಿಂಗೆ?"

"ಯಾರು ಹೇಳಬೇಕು? ನಾನೇ ಯಾರಿಗೂ ಹೇಳದೆ ಇಟ್ಕೊಂಡಿದ್ದೆ. ಅಲ್ಲೇ ಕೆಟ್ಟಿದ್ದು." ಅರ್ಲೀನ್ ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೂತಳು. "ತಿಂದ್ಯಾ?"

"ಬಿಸ್ಕತ್ತು ಇತ್ತು." ಅವನು ಇಕ್ಕಳ ಕೆಳಗಿಟ್ಟ. "ಅಮ್ಮಾ, ನಾನು ಗುರುವಾರ ಹೋಗಲ್ಲ. ಕೋರ್ಟಿನೋರು ಕೊಟ್ಟಿರೋ ಲಾಯರು ನನ್ನ ಹತ್ರ ಆರು ನಿಮಿಷ ಮಾತಾಡ್ದ. ಗಡಿಯಾರ ನೋಡ್ಕೊಂಡಿದೀನಿ. ಮೂರು ಸಲ ಕ್ವಿಂಟನ್ ಅಂದ. ಮೂರು ವರ್ಷಕ್ಕೆ ಒಪ್ಕೋ, ಇಲ್ದಿದ್ರೆ ಹತ್ತು ಆಗಬಹುದು ಅಂದ. ಗುರುವಾರ ಒಪ್ಕೊಂಡ್ರೆ ಅಲ್ಲಿಂದಾನೇ ಕರ್ಕೊಂಡು ಹೋಗ್ತಾರಂತೆ. ಮನೆಗೂ ಬರೋ ಹಾಗಿಲ್ಲ."

"ನೀನು ಒಪ್ಕೊಂಡ್ಯಾ?"

"ಇಲ್ಲ. ಯೋಚನೆ ಮಾಡ್ತೀನಿ ಅಂದೆ."

"ಇಲ್ಲಿ ಕೂತು ಯೋಚನೆ ಆಯ್ತಾ?"

ಅರ್ಲೀನ್ ಮಡಚಿದ ಹಾಳೆಯನ್ನು ಹಲಗೆಯ ಒಣ ಭಾಗದ ಮೇಲೆ ಬಿಡಿಸಿಟ್ಟಳು. ಕ್ವಿನ್ಸಿ ಬೆರಳು ತಾಗಿಸದೆ ಬಗ್ಗಿ ಓದಿದ. ಎರಡು ಸಲ ಓದಿದ.

"ನನ್ನನ್ನ ಒಳಗೆ ಹಾಕ್ಸಕ್ಕೆ ಬಂದ್ಯಾ?"

"ಹಾಕ್ಸಕ್ಕೇ ಅಲ್ಲಿಗೆ ಹೋಗಿದ್ದೆ."

"ಮತ್ಯಾಕೆ ಸಹಿ ಹಾಕಲಿಲ್ಲ?"

"ಹಾಕಿದ್ರೆ ಯಾರೋ ಇಬ್ಬರು ಬರ್ತಾರೆ. ನೀನು ಹಿಂದಿನ ಕಿಟಕಿಯಿಂದ ಹಾರಿ ದೋಣಿಗೆ ಓಡ್ತೀಯ. ಇಪ್ಪತ್ತು ವರ್ಷದಿಂದ ಇಲ್ಲಿ ಮೀನು ಹಿಡೀತಿದೀಯ, ಈಜು ಮಾತ್ರ ಕಲೀಲಿಲ್ಲ."

ಕ್ವಿನ್ಸಿಯ ಬಾಯಿಯ ಒಂದು ತುದಿ ಅಲುಗಿತು. ಅವನ ಅಪ್ಪನಿಗೂ ನಗು ಬರುತ್ತಿದ್ದದ್ದು ಹಾಗೆ, ಒಂದೇ ಕಡೆಯಿಂದ.

"ಕೇಳು ಮಗಾ," ಎಂದಳು ಅರ್ಲೀನ್. "ಒಪ್ಕೋ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಮೂರು ವರ್ಷ ಕಳೆಯೋನು ನೀನು. ಆದ್ರೆ ಇನ್ನು ಮೇಲೆ ಸೋಮವಾರದ ಫೋನು ನಾನು ಮಾಡಲ್ಲ. ನಾಲ್ಕಕ್ಕೆ ಏಳೋದು, ನಿಲ್ಲೋದು, ಈ ಬೆರಳು ನೋಯೋದು, ಅದೆಲ್ಲ ನಂಗೆ ಅಭ್ಯಾಸ. ನಿನ್ನ ಬದಲು ಮಾತಾಡಿ ಮಾತಾಡಿ ನಂಗೆ ಸಾಕಾಗಿದೆ."

ಜೇಬಿನಿಂದ ತನ್ನ ಫೋನ್ ತೆಗೆದು, ರೆನೀಟಾಳ ಸಂಖ್ಯೆ ಮೇಲೆ ಬರುವಂತೆ ಮಾಡಿ, ಮೀನಿನ ಪಕ್ಕದಲ್ಲಿಟ್ಟಳು. "ನಾಳೆ ಐದರ ತನಕ ಟೈಮಿದೆ. ನಾನು ಕಾರಲ್ಲಿರ್ತೀನಿ."

ಕಾರಿನಲ್ಲಿ ಕೂತು ಗಾಜನ್ನು ಅರ್ಧ ಇಳಿಸಿದಳು. ಹಲಗೆಯ ಮೇಲಿಂದ ತಂದಿದ್ದ ಹಾಳೆಯನ್ನು ಕಾಲಿನ ಮೇಲೆ ಇಟ್ಟುಕೊಂಡು ಪೆನ್ನು ಹುಡುಕಿದಳು. ಅವನು ಬಿಡಾರದ ಒಳಗೆ ಹೋದ, ಹೊರಗೆ ಬಂದ, ದೋಣಿಯ ಕಡೆಗೆ ನಾಲ್ಕು ಹೆಜ್ಜೆ ನಡೆದ. ನೋಡಬಾರದು ಎಂದುಕೊಂಡಳು. ನೋಡುತ್ತಾ ಕೂತರೆ ಅದೂ ಅವನ ಬದಲು ಮಾಡಿದ ಹಾಗೆಯೇ. ತಲೆಯನ್ನು ಹಿಂದಕ್ಕೆ ಒರಗಿಸಿದಳು.

ಗಾಜು ತಟ್ಟಿದ ಸದ್ದಿಗೆ ಎಚ್ಚರವಾಯಿತು. ಬಿಸಿಲು ನೀರಿನ ಆಚೆ ದಡದ ಮರಗಳಿಗೆ ಹೋಗಿತ್ತು. ಎಷ್ಟು ಹೊತ್ತು ಮಲಗಿದ್ದಳೋ, ಬಾಯಿ ಒಣಗಿತ್ತು. ಮೊದಲು ಕಣ್ಣು ಹೋದದ್ದು ದೋಣಿಯ ಕಡೆಗೆ. ಅದು ಕಟ್ಟಿದಲ್ಲೇ ಇತ್ತು. ಕ್ವಿನ್ಸಿ ಅರ್ಧ ಇಳಿಸಿದ ಗಾಜಿನ ಮೇಲಿಂದ ಫೋನನ್ನು ಒಳಗೆ ಹಿಡಿದಿದ್ದ.

"ಮಾತಾಡ್ದೆ."

"ಏನಂದ್ಲು?"

"ಎಲ್ಲಿದೀಯ ಅಂದ್ಲು. ಹೇಳ್ದೆ. ದಾರಿ ಹೇಗೆ ಅಂತಾನೂ ಕೇಳಿ ಬರ್ಕೊಂಡ್ಲು. ಊಟ ಆಯ್ತಾ ಅಂದ್ಲು." ಅವನು ಕಾಲಿನಿಂದ ಮಣ್ಣು ಕೆದಕಿದ. "ನಿಮ್ಮಮ್ಮ ಎಲ್ಲಿ ಅಂತ ಕೇಳಿದ್ಲು. ಮಲಗಿದಾಳೆ ಅಂದೆ. ಎಬ್ಬಿಸಬೇಡ ಅಂದ್ಲು. ಅದಕ್ಕೇ ಇಷ್ಟು ಹೊತ್ತು ಸುಮ್ನಿದ್ದೆ."

ಫೋನು ಮೀನು ನಾರುತ್ತಿತ್ತು. ಅರ್ಲೀನ್ ಅದನ್ನು ಒರೆಸದೆ ಜೇಬಿಗೆ ಹಾಕಿಕೊಂಡಳು.

ಗುರುವಾರ ಅವಳು ಕಾರ್ಖಾನೆಗೆ ಹೋಗಲಿಲ್ಲ. ಹೇಳದೆ ತಪ್ಪಿಸಿದರೆ ಹೆಸರಿನ ಮುಂದೆ ಒಂದು ಅಂಕ, ಏಳು ಅಂಕವಾದರೆ ಕೆಲಸವಿಲ್ಲ. ಅವಳದು ಅದರೊಂದಿಗೆ ನಾಲ್ಕಾಯಿತು. ಕ್ವಿನ್ಸಿ ವಿಲಿಸನ ಬಿಳಿ ಅಂಗಿ ಹಾಕಿಕೊಂಡಿದ್ದ, ತೋಳು ಒಂದಿಷ್ಟು ಉದ್ದವಾಗಿತ್ತು. ಇವತ್ತು ವಾಪಸು ಬರುವಾಗ ಪಕ್ಕದ ಸೀಟು ಖಾಲಿ ಇರಬಹುದು ಎಂಬುದನ್ನು ಅವಳು ಕಾರಿನ ಕನ್ನಡಿ ಸರಿಮಾಡುತ್ತಾ ನುಂಗಿಕೊಂಡಳು.

ಅವನ ಹೆಸರು ಕೂಗಿದಾಗ ಹತ್ತೂಕಾಲು. ಕ್ವಿನ್ಸಿ ಎದ್ದು ನಿಂತ. ಸರಕಾರಿ ವಕೀಲರ ಕಡೆಯ ಕಾಗದ ಇನ್ನೂ ಬಂದಿಲ್ಲವಂತೆ. ನ್ಯಾಯಾಧೀಶರು ಕನ್ನಡಕ ಸರಿಸಿ ಆರು ವಾರದ ಮುಂದಿನ ಒಂದು ತಾರೀಕು ಹೇಳಿದರು. ಜಾಮೀನು ಹಾಗೇ ಮುಂದುವರಿಯಲಿ ಎಂದರು. ಮುಂದಿನ ಹೆಸರು ಕೂಗಿದರು. ಲಾಯರು ಅವನ ಭುಜ ತಟ್ಟಿ "ಸಿಗೋಣ ಕ್ವಿಂಟನ್," ಎಂದ.

"ಕ್ವಿನ್ಸಿ," ಎಂದ ಕ್ವಿನ್ಸಿ. ಲಾಯರು ನಿಂತು ಅವನನ್ನು ಮೊದಲ ಸಲ ಎಂಬಂತೆ ನೋಡಿ, ಕಡತದ ಮೇಲೆ ಏನೋ ತಿದ್ದಿಕೊಂಡ.

ಹೊರಗೆ ಬಂದು ಕ್ವಿನ್ಸಿ ಮೆಟ್ಟಿಲ ಮೇಲೆ ಕೂತುಬಿಟ್ಟ. "ಇಷ್ಟಕ್ಕಾ ನಾನು ಐದು ದಿನ ಬಿಸ್ಕತ್ತು ತಿಂದಿದ್ದು?"

"ಇಷ್ಟಕ್ಕೇ. ಆರು ವಾರ ಆದ ಮೇಲೆ ಮತ್ತೆ ಬರಬೇಕು. ಆವತ್ತು ಇಷ್ಟೇ ಇರತ್ತೆ ಅಂತ ಇಲ್ಲ."

"ಗೊತ್ತು," ಎಂದ ಅವನು.

ತಾರೀಕು ಬದಲಾದರೆ ರೆನೀಟಾಳ ಬಳಿ ಕಾಗದವೂ ಹೊಸದಾಗುತ್ತದೆ. ಈ ಸಲ ತಾಯಿ ಮಗ ಇಬ್ಬರೂ ಒಣಗಿಸುವ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತರು. ಕ್ವಿನ್ಸಿಯ ತಲೆ ಮೇಲಿನ ಬುಟ್ಟಿಗೆ ತಾಗಿ ಟಣ್ ಎಂದಿತು.

"ಮಿಸ್ ಅರ್ಲೀನ್, ನಿಮ್ಮ ಹೆಸರು ಇರಲೋ, ಬೇಡವೋ?" ಎಂದು ಕೇಳಿದಳು ರೆನೀಟಾ. "ಇವತ್ತು ಬೇಡ ಅಂದ್ರೂ ಕೋಪ ಮಾಡ್ಕೊಳ್ಳಲ್ಲ. ಅವನು ಇಲ್ಲೇ ಇದಾನೆ, ರಸ್ತೆ ದಾಟಿಸಿದ್ರೆ ಆಯ್ತು."

ಕ್ವಿನ್ಸಿ ನೆಲ ನೋಡುತ್ತಿದ್ದ. ಏನೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಬಹುಶಃ ಅವಳು ಬೇಡವೆನ್ನುತ್ತಿದ್ದಳು. ಅರ್ಲೀನ್ ಕಾಗದ ಎಳೆದುಕೊಂಡು ಸಹಿ ಹಾಕಿದಳು. ಮೊದಲ ನಾಲ್ಕು ಸಾಲು ಹಿಂದಿನಂತೆಯೇ ತುಂಬಿಸಿ, ಪೆನ್ನು ಮತ್ತು ಕಾಗದ ಎರಡನ್ನೂ ಮಗನ ತೊಡೆಯ ಮೇಲಿಟ್ಟಳು.

ಅವನು ಬಹಳ ಹೊತ್ತು ಅದನ್ನು ನೋಡುತ್ತಾ ಕೂತ. ಅಪ್ಪನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದ. ಆಮೇಲೆ ಬರೆದ. ಹಿನ್ನೀರಿನ ದಾರಿ, ಜಲ್ಲಿ ಮುಗಿದ ಮೇಲೆ ಎಡಕ್ಕೆ, ಡೂಲಿಯ ಬಿಡಾರ. ರೆನೀಟಾ ಓದಿ, ತಲೆ ಆಡಿಸಿ, ಡ್ರಾಯರಿಗೆ ಹಾಕಿದಳು. ಡ್ರಾಯರು ಮುಚ್ಚುವ ತನಕ ಅರ್ಲೀನ್ ಆ ಕಾಗದವನ್ನೇ ನೋಡಿದಳು. ಅವನು ಅಡಗಬಹುದಾಗಿದ್ದ ಕೊನೆಯ ಜಾಗ ಅದು, ಅವಳು ಅಡಗಿಸಬಹುದಾಗಿದ್ದದ್ದೂ.

ಸಹಿಯಿಲ್ಲದ ಆ ಇನ್ನೊಂದು ಹಾಳೆಯನ್ನು ಅವಳು ಹರಿದು ಹಾಕಲಿಲ್ಲ. ಕಾರಿಗೆ ಬಂದು, ವಿಮೆಯ ಕಾಗದಗಳ ಜತೆ ಮುಂದಿನ ಖಾನೆಯಲ್ಲಿಟ್ಟು ಮುಚ್ಚಿದಳು. ಕ್ವಿನ್ಸಿ ನೋಡಿದ. ನೋಡಿ, ಸೀಟು ಬೆಲ್ಟು ಎಳೆದು ಹಾಕಿಕೊಂಡ.

"ಮೇಸ್ತ್ರಿ ಹತ್ರ ಬಿಡ್ತೀಯಾ?" ಎಂದ. "ಅರ್ಧ ದಿನದ ಕೆಲಸ ಇನ್ನೂ ಸಿಗತ್ತೆ."

ಅರ್ಲೀನ್ ಕಾರು ಹೊರಡಿಸಿದಳು.